ಸಪ್ತರ್ಷಿಗಳ ನೆರೆಯ ಗುರು ಮತ್ತು ಶನಿ

ನವಗ್ರಹಗಳಲ್ಲಿ ನಮ್ಮ ಹಿರಿಯರ ಮಾತಿನಲ್ಲಿ ಹೆಚ್ಚಾಗಿ ಓಡಾಡುತ್ತಿದ್ದವರು ಇಬ್ಬರೇ. ಮದುವೆಯ ಮಾತು ಬಂದರೆ "ಗುರುಬಲ ಬಂದಿದೆಯೇ?" ಎಂಬ ಪ್ರಶ್ನೆ. ಮನೆಯಲ್ಲಿ ಮೇಲಿಂದ ಮೇಲೆ ಕಷ್ಟ ಬಂದರೆ "ಸಾಡೇಸಾತಿ ನಡೀತಿದೆ" ಎಂಬ ಸಮಾಧಾನ. ಜ್ಯೋತಿಷ್ಯವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಈ ಮಾತುಗಳ ಹಿಂದೆ ಒಂದು ಗಟ್ಟಿಯಾದ ವೀಕ್ಷಣೆ ಇದೆ. ಗುರು ಒಂದು ಸುತ್ತು ಬರಲು ಸುಮಾರು 12 ವರ್ಷ ಬೇಕು, ಶನಿಗೆ ಸುಮಾರು 30 ವರ್ಷ. ಶನೈಶ್ಚರ ಎಂದರೇ ಮೆಲ್ಲಗೆ ನಡೆಯುವವನು. ನದಿಗಳಿಗೆ 12 ವರ್ಷಕ್ಕೊಮ್ಮೆ ಪುಷ್ಕರ ಬರುವುದು ಗುರುವಿನ ಲೆಕ್ಕದಿಂದ. ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳೆಂದರೆ ಹೆಚ್ಚುಕಡಿಮೆ ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು.

ದೂರದರ್ಶಕವೇ ಇಲ್ಲದ ಕಾಲದಲ್ಲಿ ಇದನ್ನೆಲ್ಲ ತಿಳಿದದ್ದು ಹೇಗೆ? ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಶನಿ ಎರಡು ಸುತ್ತು ಬಂದಾನು, ಹೆಚ್ಚೆಂದರೆ ಮೂರು. ಒಬ್ಬರು ಬರೆದಿಟ್ಟದ್ದನ್ನು ಇನ್ನೊಬ್ಬರು ಮುಂದುವರಿಸಿದ್ದರಿಂದ ಮಾತ್ರ ಆ ಲೆಕ್ಕ ಕೈಗೆ ಸಿಕ್ಕಿತು. ನಿಧಾನವಾಗಿ ನಡೆಯುವುದನ್ನು ಕಾಣಬೇಕಾದರೆ ಅಷ್ಟು ಕಾಲ ಕಾಯುವವರೂ ಇರಬೇಕು.

ಈ ಸಂಚಿಕೆಗೆ ನಾವು ಆರಿಸಿಕೊಂಡಿರುವುದು ಇನ್ನೊಂದು ಗುರು ಮತ್ತು ಇನ್ನೊಂದು ಶನಿಯ ಕಥೆ. ಅವು ಸುತ್ತುವುದು ನಮ್ಮ ಸೂರ್ಯನನ್ನಲ್ಲ, ಸಪ್ತರ್ಷಿ ಮಂಡಲದ ಮೇರೆಯಲ್ಲಿರುವ, ಬಹುಮಟ್ಟಿಗೆ ಸೂರ್ಯನಂತೆಯೇ ಇರುವ ಬೇರೊಂದು ನಕ್ಷತ್ರವನ್ನು. ಆದರೆ ಅವುಗಳನ್ನು ಕಂಡುಹಿಡಿದದ್ದು ನಾವು ಬಾಳುತ್ತಿರುವ ಈ ಬೇ ಏರಿಯಾದಲ್ಲಿ. ಎಮರಿವಿಲ್ಲಿನಿಂದ ನೇರ ಗೆರೆ ಎಳೆದರೆ ಆಗ್ನೇಯಕ್ಕೆ ಸುಮಾರು 50 ಮೈಲಿ ದೂರದ ಬೆಟ್ಟವೊಂದರ ಮೇಲೆ ಬೆಳಕನ್ನು ಹಿಡಿದರು. ಪಕ್ಕದ ಬರ್ಕ್ಲಿಯಲ್ಲಿ ಲೆಕ್ಕ ಮಾಡಿದರು.

ಮೊದಲು ನಕ್ಷತ್ರದ ವಿಳಾಸ ಹೇಳಿಬಿಡೋಣ. ಧ್ರುವನನ್ನು ಹುಡುಕಲು ಸಪ್ತರ್ಷಿಗಳಲ್ಲಿ ಪುಲಹನಿಂದ ಕ್ರತುವಿನ ಕಡೆಗೆ ಗೆರೆ ಎಳೆಯಬೇಕೆಂದು ಚಿಕ್ಕಂದಿನಲ್ಲಿ ಕಲಿತಿದ್ದೇವಲ್ಲ, ಅದೇ ಗೆರೆಯನ್ನು ತಿರುವುಮುರುವು ಮಾಡಿ. ಕ್ರತುವಿನಿಂದ ಪುಲಹನಿಗೆ ಬಂದು, ಅಷ್ಟೇ ಉದ್ದದ ಮೂರು ಹೆಜ್ಜೆ ಮುಂದಕ್ಕೆ ಇಡಿ. ಅಲ್ಲಿ ಐದನೆಯ ಪ್ರಮಾಣದ ಒಂದು ಮಂಕು ಚುಕ್ಕೆ ಇದೆ. ಇಂಗ್ಲೆಂಡಿನ ಜಾನ್ ಫ್ಲ್ಯಾಮ್‌ಸ್ಟೀಡರ ಪಟ್ಟಿಯಿಂದ ಅದಕ್ಕೆ 47 ಎಂಬ ಸಂಖ್ಯೆ ಅಂಟಿಕೊಂಡಿದೆ. ಖಗೋಳಜ್ಞರು '47 ಅರ್ಸೇ ಮೆಜೋರಿಸ್' ಎನ್ನುತ್ತಾರೆ. ನಾವು ಸುಮ್ಮನೆ 'ನಲವತ್ತೇಳು' ಎಂದು ಕರೆಯೋಣ. ದೂರ ಸುಮಾರು 45 ಜ್ಯೋತಿರ್ವರ್ಷ. ತೂಕ, ಬಣ್ಣ, ಶಾಖ ಎಲ್ಲದರಲ್ಲೂ ನಮ್ಮ ಸೂರ್ಯನ ಸೋದರನಂತಿದೆ. ಏಪ್ರಿಲ್ ಕೊನೆಯ ವಾರ ರಾತ್ರಿ ಹತ್ತರ ಸುಮಾರಿಗೆ ಅದು ಎಮರಿವಿಲ್ಲಿನ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ. ಬೆಂಗಳೂರಿನಲ್ಲಾದರೆ ಉತ್ತರಕ್ಕೆ ಸ್ವಲ್ಪ ವಾಲಿ ಕಾಣುತ್ತದೆ. ಎರಡೂ ಊರಿನ ದೀಪಗಳ ನಡುವೆ ಬರಿಗಣ್ಣಿಗೆ ಕಾಣುವುದು ಕಷ್ಟವೇ ಅನ್ನಿ, ಆ ಮಾತಿಗೆ ಆಮೇಲೆ ಬರುತ್ತೇವೆ.

ಇಷ್ಟು ದೂರದ ನಕ್ಷತ್ರದ ಸುತ್ತ ಗ್ರಹ ಇದೆಯೆಂದು ತಿಳಿಯುವ ಬಗೆ ಹೇಗೆ? ಗ್ರಹ ನೇರವಾಗಿ ಕಾಣುವುದಿಲ್ಲ; ನಕ್ಷತ್ರದ ಬೆಳಕಿನಲ್ಲಿ ಅದು ಮುಳುಗಿಹೋಗಿರುತ್ತದೆ. ಆದರೆ ಅಪ್ಪ ಮಗುವಿನ ಎರಡು ಕೈ ಹಿಡಿದು ಗಿರಗಿರನೆ ಸುತ್ತಿಸುವಾಗ ಅಪ್ಪನೂ ನಿಂತಲ್ಲೇ ತುಸು ಓಲಾಡುತ್ತಾನಲ್ಲವೇ? ಹಾಗೆಯೇ ಗ್ರಹ ಸುತ್ತುವಾಗ ನಕ್ಷತ್ರವೂ ಓಲಾಡುತ್ತದೆ. ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆಚೆಗೆ. ಎಮರಿವಿಲ್ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಗೂಡ್ಸ್ ರೈಲಿನ ಕೂಗನ್ನು ಕೇಳಿದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಹತ್ತಿರ ಬರುವಾಗ ಕೂಗಿನ ಸ್ವರ ಏರಿರುತ್ತದೆ, ದಾಟಿ ಹೋದೊಡನೆ ಇಳಿಯುತ್ತದೆ. ಬೆಳಕಿಗೂ ಇದೇ ನಿಯಮ. ನಕ್ಷತ್ರ ನಮ್ಮ ಕಡೆ ಬರುವಾಗ ಅದರ ವರ್ಣಪಟಲದ ಗೆರೆಗಳು ನೀಲಿಯತ್ತ, ದೂರ ಸರಿಯುವಾಗ ಕೆಂಪಿನತ್ತ ಜರುಗುತ್ತವೆ. ಎಷ್ಟು ಜರುಗಿತು ಎಂದು ಅಳೆದರೆ ನಕ್ಷತ್ರದ ವೇಗ ಗೊತ್ತಾಗುತ್ತದೆ.

ತತ್ತ್ವ ಸುಲಭ, ಅಳತೆ ಬಲು ಕಷ್ಟ. ಭಾರೀ ಗುರುಗ್ರಹ ಕೂಡ ನಮ್ಮ ಸೂರ್ಯನನ್ನು ಓಲಾಡಿಸುವುದು ಸೆಕೆಂಡಿಗೆ ಸುಮಾರು 12.5 ಮೀಟರು ಮಾತ್ರ. ಚುರುಕಾಗಿ ಸೈಕಲ್ ತುಳಿಯುವವನ ವೇಗ! ಅದನ್ನೂ ಪೂರ್ತಿಯಾಗಿ ನೋಡಬೇಕಾದರೆ 12 ವರ್ಷ ಕಾಯಬೇಕು.

ಈಗ ಆ ಬೆಟ್ಟಕ್ಕೆ ಬರೋಣ. ಸ್ಯಾನ್ ಹೋಸೆಯ ಪೂರ್ವಕ್ಕೆ ಮೌಂಟ್ ಹ್ಯಾಮಿಲ್ಟನ್ ಮೇಲಿರುವ ಲಿಕ್ ವೀಕ್ಷಣಾಲಯ ನಮಗೆಲ್ಲ ದೂರದಿಂದ ಪರಿಚಿತವೇ. ಬಿಸಿಲಿನ ದಿನ ಬಿಳಿಯ ಗುಮ್ಮಟಗಳು ಕೆಳಗಿನ ಫ್ರೀವೇಗೂ ಕಾಣುತ್ತವೆ. ಪಿಯಾನೋ ತಯಾರಿಸುತ್ತಿದ್ದ ಜೇಮ್ಸ್ ಲಿಕ್ 1848ರಲ್ಲಿ, ಚಿನ್ನದ ಹುಚ್ಚು ಶುರುವಾಗುವ ಹೊತ್ತಿಗೆ ಸರಿಯಾಗಿ, ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದು ಜಮೀನು ವ್ಯವಹಾರದಲ್ಲಿ ಶ್ರೀಮಂತನಾದ. ಅವನು ಬಿಟ್ಟುಹೋದ ಹಣದಿಂದ ಎದ್ದ ವೀಕ್ಷಣಾಲಯ 1888ರಲ್ಲಿ ಕೆಲಸ ಆರಂಭಿಸಿತು. ಅಷ್ಟರಲ್ಲಿ ಲಿಕ್ ತೀರಿಕೊಂಡಿದ್ದ; ಅವನ ಸಮಾಧಿ 36 ಅಂಗುಲದ ಆ ದೊಡ್ಡ ದೂರದರ್ಶಕದ ಬುಡದಲ್ಲೇ ಇದೆ. 1892ರಲ್ಲಿ ಬರ್ನಾರ್ಡ್ ಎಂಬವರು ಇದೇ ದೂರದರ್ಶಕದಲ್ಲಿ ಕಣ್ಣಿಟ್ಟು ಗುರುವಿನ ಐದನೆಯ ಚಂದ್ರನನ್ನು ಕಂಡರು. ಗೆಲಿಲಿಯೋ ನಾಲ್ಕು ಚಂದ್ರರನ್ನು ಕಂಡು 282 ವರ್ಷಗಳಾದ ಮೇಲೆ!

ಅಲ್ಲಿಗೆ 1890ರ ದಶಕದಲ್ಲಿ ಬಂದ ವಿಲಿಯಂ ವ್ಯಾಲೇಸ್ ಕ್ಯಾಂಬೆಲ್ ವರ್ಣಪಟಲದಿಂದ ನಕ್ಷತ್ರಗಳ ವೇಗ ಅಳೆಯುವ ಕೆಲಸವನ್ನು ವ್ರತದಂತೆ ಹಿಡಿದರು. ಆಗ ಅಳತೆ ಕಿಲೋಮೀಟರುಗಳ ಲೆಕ್ಕದಲ್ಲಿ. ಗ್ರಹ ಹುಡುಕುವ ಮಾತೇ ಇರಲಿಲ್ಲ. ಈ ಕ್ಯಾಂಬೆಲ್ಲರು ನಮ್ಮ ಕಡೆಗೂ ಬಂದುಹೋದವರು. 1898ರ ಜನವರಿ 22ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಲಿಕ್ ತಂಡ ಸೊಲ್ಲಾಪುರ ಸೀಮೆಯ ಜೇವೂರಿನಲ್ಲಿ ಬಿಡಾರ ಹೂಡಿತ್ತು. ಮುಂಬಯಿ ಪ್ರಾಂತದಲ್ಲಿ ಪ್ಲೇಗು ಹಬ್ಬಿದ್ದ ಕಾಲ ಅದು. ಕನ್ನಡ ಮರಾಠಿ ಎರಡೂ ಬೆರೆತ ಆ ಬಯಲು ಸೀಮೆಯಲ್ಲಿ 40 ಅಡಿ ಉದ್ದದ ಕ್ಯಾಮೆರಾ ನಿಲ್ಲಿಸಿ, ಪತ್ನಿ ಎಲಿಜಬೆತ್ತರೊಂದಿಗೆ ಅವರು ಕಾದದ್ದು ಸುಮಾರು ಎರಡು ನಿಮಿಷದ ಕತ್ತಲಿಗಾಗಿ! ಬರ್ಕ್ಲಿಯಲ್ಲಿ ಖಗೋಳ ವಿಭಾಗ ಇರುವ ಕ್ಯಾಂಬೆಲ್ ಹಾಲ್ ಅವರ ಹೆಸರಿನದೇ.

ಕ್ಯಾಂಬೆಲ್ ಹಿಡಿದಿದ್ದ ದಾರಿಯಲ್ಲೇ ನಡೆದು, ಅಳತೆಯನ್ನು ಕಿಲೋಮೀಟರಿನಿಂದ ಮೀಟರಿಗೆ ಇಳಿಸಿದವರು ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್. ಮಾರ್ಸಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ, ಬಟ್ಲರ್ ಅಲ್ಲಿನ ವಿದ್ಯಾರ್ಥಿ. ರಸಾಯನಶಾಸ್ತ್ರವನ್ನೂ ಓದಿದ್ದ ಬಟ್ಲರ್ ಕೈಯಲ್ಲಿ ಒಂದು ಸರಳ ಉಪಾಯ ರೂಪುಗೊಂಡಿತು. ನಕ್ಷತ್ರದ ಬೆಳಕನ್ನು ಅಯೋಡಿನ್ ಆವಿ ತುಂಬಿದ ಗಾಜಿನ ಕೊಳವೆಯ ಮೂಲಕ ಹಾಯಿಸುವುದು. ಆವಿಯ ಸಾವಿರಾರು ಸಣ್ಣ ಗೆರೆಗಳು ನಕ್ಷತ್ರದ ಗೆರೆಗಳ ಮೇಲೆಯೇ ಅಚ್ಚಾಗಿ ಅಳತೆಪಟ್ಟಿಯಂತೆ ಕೂರುತ್ತವೆ. ಅವರಿಗಿಂತ ಮೊದಲು ಕೆನಡಾದ ಗಾರ್ಡನ್ ವಾಕರ್ ಮತ್ತು ಬ್ರೂಸ್ ಕ್ಯಾಂಬೆಲ್ ಇದೇ ಕೆಲಸಕ್ಕೆ ವಿಷಕಾರಿಯಾದ ಹೈಡ್ರೋಜನ್ ಫ್ಲೋರೈಡ್ ಅನಿಲ ಬಳಸಿ 21 ನಕ್ಷತ್ರಗಳನ್ನು 12 ವರ್ಷ ನೋಡಿದ್ದರು. ಗುರುವಿನಂಥ ಗ್ರಹ ಒಂದೂ ಖಚಿತವಾಗಿ ಸಿಗಲಿಲ್ಲವೆಂದು 1995ರಲ್ಲಿ ಬರೆದು ಮುಗಿಸಿದರು. ದಾರಿ ಸರಿಯಾಗಿತ್ತು, ಅದೃಷ್ಟ ಕೈಕೊಟ್ಟಿತ್ತು.

ಲಿಕ್‌ನಲ್ಲಿ 1987ರಲ್ಲಿ ವೀಕ್ಷಣೆ ಶುರುವಾಯಿತು. ಸ್ಟೀವನ್ ವೋಗ್ಟ್ ಕಟ್ಟಿದ ವರ್ಣಪಟಲ ಯಂತ್ರ, 120 ಅಂಗುಲದ ಷೇನ್ ದೂರದರ್ಶಕ, ಸೂರ್ಯನಂಥ ನಕ್ಷತ್ರಗಳ ಒಂದು ಪಟ್ಟಿ. ವರ್ಷಗಟ್ಟಲೆ ದತ್ತಾಂಶ ರಾಶಿಬಿತ್ತು, ಗ್ರಹ ಮಾತ್ರ ಒಂದೂ ಬರಲಿಲ್ಲ. ಏಕೆಂದರೆ ಆ ರಾಶಿಯನ್ನು ಅರೆಯಬಲ್ಲ ಕಂಪ್ಯೂಟರ್ ಅವರ ಬಳಿ ಇರಲಿಲ್ಲ! ಅವಸರವೂ ಇರಲಿಲ್ಲ, ಏಕೆಂದರೆ ಗುರುವಿನಂಥ ಗ್ರಹ ಸುತ್ತು ಮುಗಿಸಲು ಹೇಗೂ ಹತ್ತಾರು ವರ್ಷ ಬೇಕೆಂದು ಎಲ್ಲರೂ ನಂಬಿದ್ದರು. ಕಣಜ ತುಂಬಿತ್ತು, ಬೀಸುವ ಕಲ್ಲು ಬಂದಿರಲಿಲ್ಲ.

1995ರ ಅಕ್ಟೋಬರಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಸಮ್ಮೇಳನದಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ದಿದಿಯೇ ಕೆಲೋಜ್ ಆ ನಂಬಿಕೆಯನ್ನು ಬುಡಮೇಲು ಮಾಡಿದರು. 51 ಪೆಗಾಸಿ ಎಂಬ ಸೂರ್ಯನಂಥ ನಕ್ಷತ್ರದ ಸುತ್ತ, ಗುರುವಿನ ಅರ್ಧದಷ್ಟು ತೂಕದ ಗ್ರಹ ಬರೇ 4.2 ದಿನಗಳಲ್ಲಿ ಒಂದು ಸುತ್ತು ಬರುತ್ತಿತ್ತು. (ಇದೇ ಸಾಧನೆಗಾಗಿ ಅವರಿಬ್ಬರಿಗೆ 2019ರಲ್ಲಿ ನೊಬೆಲ್ ಬಂತು.) ಅದೇ ಸಮ್ಮೇಳನದಲ್ಲಿ ಕನ್ನಡಿಗರು ನೆನೆಯಬೇಕಾದ ಇನ್ನೊಂದು ಸುದ್ದಿಯೂ ಹೊರಬಿತ್ತು. ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಬರ್ಕ್ಲಿಯಲ್ಲಿ 1983ರಲ್ಲಿ ಡಾಕ್ಟರೇಟ್ ಪಡೆದ ಶ್ರೀನಿವಾಸ ಕುಲಕರ್ಣಿ ಮತ್ತು ಅವರ ಸಂಗಡಿಗರು ಗ್ಲೀಸೆ 229 ಎಂಬ ನಕ್ಷತ್ರದ ಪಕ್ಕದಲ್ಲಿ ಒಂದು ಕಂದು ಕುಬ್ಜವನ್ನು, ಅಂದರೆ ಗ್ರಹಕ್ಕಿಂತ ದೊಡ್ಡದಾಗಿ ನಕ್ಷತ್ರವಾಗಲಾರದೆ ಉಳಿದ ಕಾಯವನ್ನು, ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದರು.

ಮಾರ್ಸಿ ಮತ್ತು ಬಟ್ಲರ್ ಕೆಲವೇ ದಿನಗಳಲ್ಲಿ ಲಿಕ್ ಬೆಟ್ಟ ಹತ್ತಿ, ನಾಲ್ಕು ರಾತ್ರಿ ನೋಡಿ, ಸ್ವಿಸ್ ಜೋಡಿಯ ಮಾತು ನಿಜವೆಂದು ಸಾರಿದರು. ಆಮೇಲೆ ತಮ್ಮ ಎಂಟು ವರ್ಷದ ಕಣಜದ ಕಡೆ ತಿರುಗಿದರು. ಬರ್ಕ್ಲಿಯಲ್ಲಿ ಸಿಕ್ಕ ಸಿಕ್ಕ ಕಂಪ್ಯೂಟರುಗಳಿಗೆಲ್ಲ ಲೆಕ್ಕ ಹಂಚಿದರು. ವರ್ಷ ಮುಗಿಯುವುದರೊಳಗೆ ಕನ್ಯಾ ರಾಶಿಯ 70ನೇ ನಕ್ಷತ್ರದ ಗ್ರಹ ಸಿಕ್ಕಿತು, ಅದರ ಬೆನ್ನಿಗೇ ನಮ್ಮ 'ನಲವತ್ತೇಳು'. 1996ರ ಜನವರಿ 17ರಂದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಎರಡನ್ನೂ ಪ್ರಕಟಿಸಿದರು.

ಮೂರೂ ಗ್ರಹಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ 'ನಲವತ್ತೇಳ'ರ ಮಹತ್ವ ತಿಳಿಯುತ್ತದೆ. 51 ಪೆಗಾಸಿಯ ಗ್ರಹ ನಕ್ಷತ್ರಕ್ಕೆ ಅಂಟಿಕೊಂಡು ಬೇಯುತ್ತಿದೆ. ಕನ್ಯಾ ರಾಶಿಯದು 117 ದಿನಕ್ಕೊಮ್ಮೆ ಮೊಟ್ಟೆಯಾಕಾರದ ದಾರಿಯಲ್ಲಿ ಓಡುತ್ತದೆ. ಇಂಥವನ್ನೇ ಕಂಡಿದ್ದರೆ ನಮ್ಮ ಸೌರಮಂಡಲವೇ ಒಂದು ಅಪವಾದವೇನೋ ಎಂಬ ಅನುಮಾನ ಬರುವುದು ಸಹಜ. 'ನಲವತ್ತೇಳ'ರ ಗ್ರಹ ಮಾತ್ರ ನಮಗೆ ಪರಿಚಿತ ಬಗೆಯದು. ತೂಕ ಗುರುವಿನ ಎರಡೂವರೆ ಪಟ್ಟು, ನಕ್ಷತ್ರದಿಂದ ದೂರ ಭೂಮಿ-ಸೂರ್ಯರ ಅಂತರದ ಎರಡು ಪಟ್ಟಿಗೆ ತುಸು ಹೆಚ್ಚು, ದಾರಿ ಬಹುಮಟ್ಟಿಗೆ ದುಂಡು, ಸುತ್ತು ಸುಮಾರು 1,078 ದಿನ. ಅಂದರೆ ಮೂರು ವರ್ಷ. ನಾಲ್ಕು ರಾತ್ರಿ ನೋಡಿ ಸಿಗುವ ಗ್ರಹವಲ್ಲ ಇದು. ಎಂಟು ವರ್ಷದ ಬರಹ ಇದ್ದದ್ದರಿಂದ ಎರಡೂವರೆ ಸುತ್ತು ಆಗಲೇ ಕೈಯಲ್ಲಿತ್ತು. ಬೇಗ ಓಡುವ ಗ್ರಹ ಸ್ವಿಸ್ ಜೋಡಿಗೆ ಸಿಕ್ಕಿತು. ನಿಧಾನವಾಗಿ ನಡೆಯುವ ಗ್ರಹ, ಏನೂ ಸಿಗದೆಯೂ ಎಂಟು ವರ್ಷ ಬರೆದಿಟ್ಟವರಿಗೆ.

2001ರ ಆಗಸ್ಟಿನಲ್ಲಿ ಡೆಬ್ರಾ ಫಿಷರ್ ಮುಂದಾಳುತನದಲ್ಲಿ ಅದೇ ತಂಡ ಎರಡನೆಯ ಗ್ರಹವನ್ನು ಸಾರಿತು. ಅದು ನಕ್ಷತ್ರವನ್ನು ಓಲಾಡಿಸುವುದು ಸೆಕೆಂಡಿಗೆ ಹತ್ತು ಮೀಟರಿನ ಆಸುಪಾಸು. ಸುತ್ತು ಆಗಿನ ಲೆಕ್ಕಕ್ಕೆ ಏಳು ವರ್ಷ, ಈಚಿನ ಲೆಕ್ಕಕ್ಕೆ ಆರೂವರೆ. ಆಗ ಸಿಕ್ಕ ಅಂಕಿಗಳಲ್ಲಿ ಒಂದು ಸೊಗಸು ಇತ್ತು. ಎರಡು ಗ್ರಹಗಳ ತೂಕದ ಅನುಪಾತವೂ ಸುತ್ತಿನ ಅವಧಿಯ ಅನುಪಾತವೂ ನಮ್ಮ ಗುರು-ಶನಿಗಳ ಅನುಪಾತಕ್ಕೆ ಹತ್ತಿರವಾಗಿದ್ದವು! ಸಪ್ತರ್ಷಿಗಳ ನೆರೆಯಲ್ಲಿ ಒಬ್ಬ ಗುರು, ಅವನ ಹಿಂದೆ ಒಬ್ಬ ಶನಿ. ಈ ಶನಿಯೂ ಹೆಸರಿಗೆ ತಕ್ಕಂತೆ ಸುಲಭಕ್ಕೆ ಒಪ್ಪಿಕೊಳ್ಳಲಿಲ್ಲ. 2004ರಿಂದ 2007ರ ನಡುವೆ ಬೇರೆ ವೀಕ್ಷಣಾಲಯದವರು ತಮ್ಮ ಅಳತೆಗಳಲ್ಲಿ ಅದು ಕಾಣುತ್ತಿಲ್ಲವೆಂದು ತಕರಾರು ತೆಗೆದರು. 2010ರಲ್ಲಿ ಫಿಲ್ ಗ್ರೆಗರಿ ಮತ್ತು ಫಿಷರ್, ಲಿಕ್‌ನ ಉದ್ದನೆಯ ಬರಹವನ್ನು ಹೊಸದಾಗಿ ಅರೆದು, ಶನಿ ಇದ್ದಾನೆ, ಅವನ ಆಚೆಗೂ ಒಬ್ಬ ಇರುವಂತಿದೆ ಎಂದರು. ಆ ಮೂರನೆಯದರ ಸುತ್ತು ಅವರ ಲೆಕ್ಕಕ್ಕೆ ಸುಮಾರು 14,000 ದಿನ, ಅಂದರೆ 38 ವರ್ಷ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ವೀಕ್ಷಣೆ ಶುರುವಾದ 1987ರಿಂದ 38 ವರ್ಷ ಎಣಿಸಿದರೆ 2025. ಆ ಲೆಕ್ಕ ಸರಿಯಾಗಿದ್ದರೆ, ಮೊದಲ ರಾತ್ರಿಯಿಂದ ಇಲ್ಲಿಯವರೆಗೆ ಆ ಗ್ರಹ ಮುಗಿಸಿರುವುದು ಒಂದೇ ಒಂದು ಸುತ್ತು. ಇನ್ನೊಂದು ಸುತ್ತು ನೋಡಿ ಖಚಿತ ಮಾಡುವವರು ಇಂದು ಶಾಲೆಗೆ ಹೋಗುತ್ತಿರುವ ಮಕ್ಕಳು. ನಮ್ಮ ಹಳೆಯ ಪಂಚಾಂಗದವರು ಎದುರಿಸಿದ್ದ ಸಮಸ್ಯೆಯೇ ಇದು. ಯಂತ್ರ ಎಷ್ಟು ಸೂಕ್ಷ್ಮವಾದರೂ ಶನಿಯನ್ನು ಅವಸರಪಡಿಸಲಾಗುವುದಿಲ್ಲ.

ಆದ್ದರಿಂದ ಈ ಬಗೆಯ ವಿದ್ಯೆಗೆ ಅಪಾಯ ಬರುವುದು ಬುದ್ಧಿಯ ಕೊರತೆಯಿಂದಲ್ಲ, ಸರಪಳಿ ತುಂಡಾಗುವುದರಿಂದ. ಲಿಕ್‌ನ ಗ್ರಹಶೋಧ 2011ರವರೆಗೆ ಸುಮಾರು 25 ವರ್ಷ ನಡೆಯಿತು. 2013ರಲ್ಲಿ ವಿಶ್ವವಿದ್ಯಾಲಯದ ಆಡಳಿತ, 2018ರ ಹೊತ್ತಿಗೆ ವೀಕ್ಷಣಾಲಯಕ್ಕೆ ಹಣ ನಿಲ್ಲಿಸುವುದಾಗಿ ಹೇಳಿತು. ಪ್ರತಿಭಟನೆಯ ನಂತರ 2014ರಲ್ಲಿ ಮನಸ್ಸು ಬದಲಿಸಿತು. 2015ರಲ್ಲಿ ಗೂಗಲ್ ಹತ್ತು ಲಕ್ಷ ಡಾಲರ್ ಕೊಟ್ಟಿತು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿದ ಕಾಳ್ಗಿಚ್ಚು ಬೆಟ್ಟವನ್ನು ಸುತ್ತುಗಟ್ಟಿತು. ಒಂದು ಮನೆ ಸುಟ್ಟುಹೋಯಿತು, ಅಗ್ನಿಶಾಮಕರು ಗುಮ್ಮಟಗಳನ್ನು ಉಳಿಸಿದರು.

ಸರಪಳಿಯನ್ನು ಒಳಗಿನಿಂದಲೂ ತುಂಡರಿಸಬಹುದು, ಅದನ್ನು ಹೇಳದೆ ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ. 2015ರಲ್ಲಿ ಬರ್ಕ್ಲಿಯ ತನಿಖೆ, ಮಾರ್ಸಿ ಅವರು ಲೈಂಗಿಕ ಕಿರುಕುಳದ ವಿರುದ್ಧದ ನಿಯಮಗಳನ್ನು ಮುರಿದಿದ್ದಾರೆಂದು ತೀರ್ಮಾನಿಸಿತು. ದೂರು ಕೊಟ್ಟವರು ವಿದ್ಯಾರ್ಥಿನಿಯರಾಗಿದ್ದವರು. ಸುದ್ದಿ ಬಯಲಾದ ಮೇಲೆ ಮಾರ್ಸಿ ರಾಜೀನಾಮೆ ಕೊಟ್ಟರು. 2021ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರ ಸದಸ್ಯತ್ವ ರದ್ದು ಮಾಡಿತು. ಗ್ರಹಗಳು ಸುಳ್ಳಾಗುವುದಿಲ್ಲ, ನಿಜ. ಆದರೆ ಗುರುವಿನಿಂದ ಶಿಷ್ಯರಿಗೆ ಹೋಗಬೇಕಾದ ವಿದ್ಯೆಯಲ್ಲಿ ಶಿಷ್ಯೆಯರೇ ಹೆದರಿ ದೂರ ಸರಿಯುವಂತಾದರೆ, ಮುಂದಿನ ಸುತ್ತನ್ನು ಎಣಿಸುವವರು ಯಾರು? ಆ ನಷ್ಟವನ್ನು ಅಳೆಯಲು ಯಾವ ಅಯೋಡಿನ್ ಕೊಳವೆಯೂ ಇಲ್ಲ.

ಇನ್ನು ದೀಪಗಳ ಮಾತು. ಇದರಲ್ಲಿ ನಮ್ಮ ಪಾಲೂ ಇದೆ. ಲಿಕ್ ಕಟ್ಟುವಾಗ ಕೆಳಗಿನ ಕಣಿವೆ ಹಣ್ಣಿನ ತೋಟಗಳ ಸೀಮೆಯಾಗಿತ್ತು. ಚಿಪ್ಪು, ಸಾಫ್ಟ್‌ವೇರು ಎಂದು ನಾವೆಲ್ಲ ಬಂದು ತುಂಬಿಕೊಂಡೆವು. ನಮ್ಮ ಬೀದಿಗಳ ಬೆಳಕು ಬೆಟ್ಟದ ಆಕಾಶವನ್ನು ಮುಸುಕಿತು. ಸ್ಯಾನ್ ಹೋಸೆ ನಗರ 1980ರ ದಶಕದಲ್ಲಿ ಬೀದಿಗಳಿಗೆ ಹಳದಿ ಸೋಡಿಯಂ ದೀಪ ಹಾಕಿದ್ದು ಈ ವೀಕ್ಷಣಾಲಯದ ಸಲುವಾಗಿ. ಆ ದೀಪದ ಬೆಳಕು ವರ್ಣಪಟಲದಲ್ಲಿ ಒಂದೇ ಕಡೆ ಬೀಳುವುದರಿಂದ ಅದನ್ನು ಕಳೆದು ಉಳಿದದ್ದನ್ನು ಓದಬಹುದು. ಬಿಳಿ ಎಲ್‌ಇಡಿ ಬಂದ ಮೇಲೆ ಆ ಅನುಕೂಲ ಕರಗುತ್ತ ಬಂತು. ತಾಯ್ನಾಡಿನಲ್ಲೂ ಇದೇ ಕಥೆ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯವರು ತಮ್ಮ ಎರಡು ಮೀಟರಿನ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿಟ್ಟು, ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಹಾನ್ಲೆಯ ಸುತ್ತಲಿನ ಸೀಮೆಯನ್ನು 2022ರಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕಾಡಿಗೆ, ಹುಲಿಗೆ ಮೀಸಲು ಇದ್ದಂತೆ ಈಗ ಕತ್ತಲೆಗೂ ಮೀಸಲು ಬೇಕಾಗಿದೆ! ಅದೇ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಸೂರ್ಯನ ಚಿತ್ರಗಳನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಸಂಗ್ರಹಿಸಿದ್ದಾರೆ. ನಮ್ಮ ಸೂರ್ಯನಿಗೆ ಅಂಥದೊಂದು ಕಡತ ಇದೆ. 'ನಲವತ್ತೇಳ'ರ ಕಡತಕ್ಕೆ ಇನ್ನೂ ನಲವತ್ತೂ ತುಂಬಿಲ್ಲ.

'ನಲವತ್ತೇಳಕ್ಕೆ' ಈಗ ಹೆಸರೂ ಇದೆ. 2015ರಲ್ಲಿ ಥಾಯ್ಲೆಂಡಿನವರು ಸೂಚಿಸಿದಂತೆ ನಕ್ಷತ್ರ 'ಚಲವನ್' ಆಯಿತು, ಅವರ ಜನಪದ ಕಥೆಯ ಮೊಸಳೆರಾಜ. ಗ್ರಹಗಳೆರಡು ಅದೇ ಕಥೆಯ ಅಕ್ಕತಂಗಿಯರು, ತಫಾವ್ ಥೋಂಗ್ ಮತ್ತು ತಫಾವ್ ಕೇವ್. ಅಲ್ಲಿಗೆ ಒಂದು ಕಾಗದವೂ ಹೊರಟಿದೆ. 2001ರ ಸೆಪ್ಟೆಂಬರಿನಲ್ಲಿ ಕ್ರಿಮಿಯಾದ ಎವ್ಪಟೋರಿಯಾ ಕೇಂದ್ರದಿಂದ, ರಷ್ಯದ ಹದಿಹರೆಯದ ಮಕ್ಕಳು ಸೇರಿ ರೂಪಿಸಿದ ರೇಡಿಯೋ ಸಂದೇಶವನ್ನು, ಸಂಗೀತವನ್ನೂ ಸೇರಿಸಿ, ಆ ನಕ್ಷತ್ರದ ಕಡೆ ಕಳಿಸಿದರು. ಅದು ತಲುಪುವುದು 2047ರಲ್ಲಿ. ಕೇಳುವವರಿದ್ದು ತಡಮಾಡದೆ ಉತ್ತರಿಸಿದರೂ ಅದು ಇಲ್ಲಿಗೆ ಬರುವುದು 2090ರ ಆಚೆಗೆ.

ಅಷ್ಟರಲ್ಲಿ ನಾವ್ಯಾರೂ ಇರುವುದಿಲ್ಲ. ನಮ್ಮ ಮೊಮ್ಮಕ್ಕಳು ಇರುತ್ತಾರೆ, ಅವರಿಗೆ ಸಪ್ತರ್ಷಿಗಳ ಹೆಸರು ಹೇಳಿಕೊಟ್ಟಿದ್ದರೆ ಗೆರೆ ಎಲ್ಲಿ ಎಳೆಯಬೇಕೆಂದೂ ಗೊತ್ತಿರುತ್ತದೆ. ಕ್ರತುವಿನಿಂದ ಪುಲಹ, ಅಲ್ಲಿಂದ ಮೂರು ಹೆಜ್ಜೆ. ಮುಂದಿನ ಏಪ್ರಿಲಿನಲ್ಲಿ ಊರ ದೀಪ ಬಿಟ್ಟು ಕತ್ತಲೆಯ ಕಡೆ ಹೋಗುವವರಿದ್ದರೆ ಒಂದು ಬೈನಾಕ್ಯುಲರ್ ಜೊತೆಗಿರಲಿ, ಮಕ್ಕಳನ್ನೂ ಕರೆದೊಯ್ಯಿರಿ. ಹೊರಡುವ ಮುನ್ನ ಜಗಲಿಯ ದೀಪ ಆರಿಸುವುದನ್ನು ಮರೆಯಬೇಡಿ.